ಅಪ್ಪ ಅಮ್ಮ ಮೈಸೂರಿನಲ್ಲಿ, ಕಾಲೇಜು ನ್ಯೂಜೆರ್ಸಿಯಲ್ಲಿ: ಫ್ಯಾಫ್ಸಾದಲ್ಲಿ ನಾನು ಇಂಡಿಪೆಂಡೆಂಟಾ?

ಪ್ರಶ್ನೆ: ನಾನು 2005ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದವಳು, ಅಮೆರಿಕದ ಪ್ರಜೆ. ಅಪ್ಪ ಆಗ ಎಚ್-1ಬಿ ವೀಸಾದಲ್ಲಿ ಕೆಲಸಕ್ಕಿದ್ದರು. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಎಲ್ಲರೂ ಮೈಸೂರಿಗೆ ವಾಪಸ್ ಹೋದೆವು. ಪಿಯುಸಿ ಮುಗಿಸಿ, 2024ರ ಜನವರಿಯಲ್ಲಿ ಒಬ್ಬಳೇ ಇಲ್ಲಿಗೆ ಬಂದೆ. ಎಡಿಸನ್‌ನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದೇನೆ. ದಿನಸಿ ಅಂಗಡಿಯಲ್ಲಿ ಕೆಲಸ ಮಾಡಿ 2024ರಲ್ಲಿ ಸುಮಾರು 12,000 ಡಾಲರ್ ದುಡಿದೆ. ಚಿಕ್ಕಪ್ಪನಿಗೆ ತಿಂಗಳು ತಿಂಗಳು ಬಾಡಿಗೆ ಕೊಡುತ್ತೇನೆ, ನನ್ನ ಟ್ಯಾಕ್ಸ್ ನಾನೇ ಫೈಲ್ ಮಾಡುತ್ತೇನೆ. 2026-27ಕ್ಕೆ ಕಾಲೇಜು ಸೇರಬೇಕು. ಕಾಲೇಜು ಓದಿಗೆ ಅಮೆರಿಕ ಸರ್ಕಾರದ ಹಣದ ನೆರವು ಕೇಳುವ ಫ್ಯಾಫ್ಸಾ ಅರ್ಜಿಯಲ್ಲಿ ಅಪ್ಪ ಅಮ್ಮನ ವಿವರ ಕೇಳುತ್ತಿದೆ. ಅಪ್ಪನಿಗೆ ವರ್ಷಕ್ಕೆ 14 ಲಕ್ಷ ಸಂಬಳ, ಅಮ್ಮ ಮನೆಯಲ್ಲೇ ಇದ್ದಾರೆ, ಒಬ್ಬ ತಮ್ಮ ಇದ್ದಾನೆ. "ನನ್ನ ಸಂಬಳ, ಆಸ್ತಿ ಎಲ್ಲ ಆ ಸರ್ಕಾರಕ್ಕೆ ಯಾಕೆ ಹೇಳಲಿ?" ಅಂತ ಅಪ್ಪ ಕೂತಿದ್ದಾರೆ. ಇಂಡಿಪೆಂಡೆಂಟ್ ಅಂತ ಸುಮ್ನೆ ಹಾಕಿಬಿಡು ಅನ್ನುತ್ತಾಳೆ ನನ್ನ ಗೆಳತಿ. ಹಾಕಬಹುದಾ? ಇಲ್ಲದಿದ್ದರೆ ಚಿಕ್ಕಪ್ಪನನ್ನೇ ಗಾರ್ಡಿಯನ್ ಮಾಡಿಕೊಂಡರೆ ಆಗುತ್ತದಾ?

ಉತ್ತರ: ಗೆಳತಿಯ ಮಾತು ಕೇಳಬೇಡಿ. ನೀವು ಬರೆದಿರುವುದನ್ನು ನೋಡಿದರೆ, 2026-27ರ ಫ್ಯಾಫ್ಸಾ ಲೆಕ್ಕದಲ್ಲಿ ನೀವು ಡಿಪೆಂಡೆಂಟ್, ಅಂದರೆ ಅಪ್ಪ ಅಮ್ಮನ ವಿವರವನ್ನೂ ಕೊಡಬೇಕಾದವರು. ದುಡಿಮೆ, ಬಾಡಿಗೆ, ಟ್ಯಾಕ್ಸ್ ಯಾವುದೂ ಇದನ್ನು ಬದಲಿಸುವುದಿಲ್ಲ. ಚಿಕ್ಕಪ್ಪನ ದಾರಿಯೂ ಆಗದು, ಅದಕ್ಕೆ ಮುಂದೆ ಬರುತ್ತೇನೆ.

ಆದರೆ ನಿಮ್ಮ ಮನೆಯ ಅಂಕಿಗಳನ್ನು ನೋಡಿದರೆ ಇಂಡಿಪೆಂಡೆಂಟ್ ಆಗುವ ಅಗತ್ಯವೇ ನಿಮಗೆ ಕಾಣುವುದಿಲ್ಲ. ಅಪ್ಪ ಅಮ್ಮ ತಮ್ಮ ಭಾಗ ತುಂಬಿಕೊಟ್ಟರೆ, ಡಿಪೆಂಡೆಂಟ್ ಆಗಿಯೇ ನಿಮಗೆ ಹೆಚ್ಚುಕಮ್ಮಿ ಅಷ್ಟೇ ಹಣ ಸಿಗುವ ಸಾಧ್ಯತೆ ಜಾಸ್ತಿ. ಅಪ್ಪನನ್ನು ಒಪ್ಪಿಸುವುದಕ್ಕೇ ನಿಮ್ಮ ಶಕ್ತಿ ಹಾಕಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ನಿಯಮ. ಒಬ್ಬ ವಿದ್ಯಾರ್ಥಿ ಹೇಗೆ ಬದುಕುತ್ತಿದ್ದಾನೆ ಅನ್ನುವುದನ್ನು ಫ್ಯಾಫ್ಸಾ ನೋಡುವುದಿಲ್ಲ. ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಅದರಲ್ಲಿ ಒಂದಕ್ಕಾದರೂ ಹೌದು ಅನ್ನುವಂತಿದ್ದರೆ ಇಂಡಿಪೆಂಡೆಂಟ್, ಇಲ್ಲದಿದ್ದರೆ ಇಲ್ಲ. 2026-27ಕ್ಕೆ 2003ರ ಜನವರಿ 1ಕ್ಕಿಂತ ಮುಂಚೆ ಹುಟ್ಟಿರಬೇಕು. ಅಥವಾ ಅರ್ಜಿ ಹಾಕುವ ದಿನ ಮದುವೆಯಾಗಿರಬೇಕು. ಅಥವಾ ಮಾಸ್ಟರ್ಸ್, ಪಿಎಚ್‌ಡಿಯಂಥ ಮೇಲಿನ ಓದಿಗೆ ಸೇರುತ್ತಿರಬೇಕು. ಅಮೆರಿಕದ ಸೇನೆಯಲ್ಲಿ ಕರ್ತವ್ಯದಲ್ಲಿರುವವರು, ಅಲ್ಲಿ ಸೇವೆ ಮುಗಿಸಿ ಬಂದವರು ಆಗಬಹುದು. ತನ್ನ ಮಕ್ಕಳ, ಅಥವಾ ತನ್ನ ಜೊತೆಯಲ್ಲೇ ಇರುವ ಬೇರೆ ಅವಲಂಬಿತರ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ತಾನೇ ಹೊರುವವರು ಆಗಬಹುದು. 13 ವರ್ಷ ತುಂಬಿದ ಮೇಲೆ ಯಾವಾಗಲಾದರೂ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಿದ್ದವರು, ಫಾಸ್ಟರ್ ಕೇರ್‌ನಲ್ಲಿ (ಸರ್ಕಾರ ಒಪ್ಪಿಸಿದ ಬೇರೆ ಮನೆಯ ಆರೈಕೆಯಲ್ಲಿ) ಇದ್ದವರು, ಕೋರ್ಟಿನ ರಕ್ಷಣೆಯಲ್ಲಿದ್ದವರು ಬರುತ್ತಾರೆ. ಕೋರ್ಟಿನ ಆದೇಶದಿಂದ ಗಾರ್ಡಿಯನ್ ಪಡೆದವರು, ವಯಸ್ಸಿಗೆ ಬರುವ ಮೊದಲೇ ಕೋರ್ಟು ಹೆತ್ತವರಿಂದ ಬಿಡುಗಡೆ ಕೊಟ್ಟವರು ಬರುತ್ತಾರೆ. ಹೆತ್ತವರ ಜೊತೆಯಿಲ್ಲದೆ, ಮನೆಯೂ ಇಲ್ಲದೆ ಇರುವ ಹುಡುಗ ಹುಡುಗಿಯರು ಬರುತ್ತಾರೆ. ಪಟ್ಟಿ ಅಲ್ಲಿಗೆ ಮುಗಿಯಿತು.

ನಿಮ್ಮ ಹುಟ್ಟಿದ ವರ್ಷಕ್ಕೆ ವಯಸ್ಸಿನ ಬಾಗಿಲು ತೆರೆಯುವುದು 2029-30ರ ಅರ್ಜಿಯಲ್ಲಿ. ಅಷ್ಟರೊಳಗೆ ನಿಮ್ಮ ಡಿಗ್ರಿಯೇ ಮುಗಿಯುತ್ತಾ ಬಂದಿರುತ್ತದೆ.

ಈ 24 ವರ್ಷದ ಗಡಿ ತುಂಬ ಜನರಿಗೆ ಅನ್ಯಾಯ ಅನ್ನಿಸುತ್ತದೆ. ಮತ ಹಾಕುವುದಕ್ಕೆ, ಸೇನೆ ಸೇರುವುದಕ್ಕೆ 18 ಸಾಕು, ಕಾಲೇಜಿನ ಹಣಕ್ಕೆ ಮಾತ್ರ 24 ಯಾಕೆ? ಹಿಂದೆ ಸ್ವಲ್ಪ ಸಡಿಲ ಇತ್ತು. ಹೆತ್ತವರು ಟ್ಯಾಕ್ಸ್‌ನಲ್ಲಿ ತನ್ನನ್ನು ಅವಲಂಬಿತರು ಅಂತ ತೋರಿಸುತ್ತಿಲ್ಲ, ತಾನೇ ದುಡಿಯುತ್ತಿದ್ದೇನೆ ಅಂತ ತೋರಿಸಿದರೆ ಆಗುತ್ತಿತ್ತು. ಅನುಕೂಲಸ್ಥ ಮನೆಗಳು ಟ್ಯಾಕ್ಸ್ ಕಾಗದದಿಂದ ಮಕ್ಕಳ ಹೆಸರು ತೆಗೆದು, ಬಡ ಮಕ್ಕಳಿಗೆ ಇಟ್ಟ ಹಣಕ್ಕೆ ಕೈ ಹಾಕಬಹುದು ಅನ್ನುವ ಚಿಂತೆ ಬಂತು. 1986ರಲ್ಲಿ 24ರ ಗಡಿ ಹಾಕಿದರು. ದುಡಿಮೆ ತೋರಿಸಿ ಒಳಗೆ ಬರುವ ಒಂದು ಚಿಕ್ಕ ದಾರಿ ಆಗಲೂ ಉಳಿದಿತ್ತು, 1992ರಲ್ಲಿ ಅದನ್ನೂ ಮುಚ್ಚಿದರು. ನನ್ನ ಅಭಿಪ್ರಾಯ ಕೇಳಿದರೆ ಈ ಗಡಿ ಒರಟು. ನಿಜಕ್ಕೂ ತನ್ನ ಕಾಲ ಮೇಲೆ ನಿಂತ ಹುಡುಗಿಗೂ, ಕಾಗದದಲ್ಲಿ ಮಾತ್ರ ನಿಂತವಳಿಗೂ ಇದು ಒಂದೇ ಏಟು ಕೊಡುತ್ತದೆ. ಆದರೆ ಕಾನೂನು ಅದೇ, ಅದರೊಳಗೇ ದಾರಿ ಹುಡುಕಬೇಕು.

ಟ್ಯಾಕ್ಸ್ ವಿಷಯಕ್ಕೆ ಒಂದೇ ಮಾತು. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಡಿಪೆಂಡೆಂಟ್ ಲೆಕ್ಕವೇ ಬೇರೆ, ಫ್ಯಾಫ್ಸಾದ ಲೆಕ್ಕವೇ ಬೇರೆ. ಅಲ್ಲಿ ನಿಮ್ಮನ್ನು ಯಾರೂ ಕ್ಲೈಮ್ ಮಾಡದಿದ್ದರೂ ಇಲ್ಲಿ ನೀವು ಡಿಪೆಂಡೆಂಟೇ.

ಈಗ ಚಿಕ್ಕಪ್ಪನ ವಿಷಯ. ಅವರು ಮನೆ ಕೊಟ್ಟರೂ, ಊಟ ಹಾಕಿದರೂ, ಫೀಸು ಕಟ್ಟಿದರೂ ಫ್ಯಾಫ್ಸಾ ಕಣ್ಣಿಗೆ ಅವರು ಹೆತ್ತವರಲ್ಲ. ಅಜ್ಜ ಅಜ್ಜಿ, ಅಣ್ಣ ಅಕ್ಕ, ಸೋದರಮಾವ ಎಲ್ಲರಿಗೂ ಇದೇ ಮಾತು. ಕಾನೂನಿನ ಪ್ರಕಾರ ದತ್ತು ತೆಗೆದುಕೊಂಡಿದ್ದರೆ ಮಾತ್ರ ಬೇರೆ. ಅವರ ಸಂಬಳವನ್ನು ನಿಮ್ಮ ಅರ್ಜಿಯಲ್ಲಿ ತುಂಬಲೂಬಾರದು. ಇಲ್ಲಿ ತುಂಬ ಜನ ಎಡವುತ್ತಾರೆ: ಜೊತೆಯಲ್ಲಿರುವ ಹಿರಿಯರು ಅಂತ ಚಿಕ್ಕಪ್ಪನನ್ನೇ ಪೇರೆಂಟ್ ಜಾಗದಲ್ಲಿ ಹಾಕುತ್ತಾರೆ. ಎಡಿಸನ್‌ನ ಐಟಿ ಸಂಬಳ ಲೆಕ್ಕಕ್ಕೆ ಬಂದು, ಸಿಗಬೇಕಾದದ್ದೂ ಕೈತಪ್ಪುತ್ತದೆ.

ಗಾರ್ಡಿಯನ್ ಆಗಬೇಕಾದರೆ ನೀವಿರುವ ರಾಜ್ಯದ ಕೋರ್ಟು, ನೀವು ವಯಸ್ಸಿಗೆ ಬರುವ ಮೊದಲೇ, ಆದೇಶ ಕೊಟ್ಟಿರಬೇಕು. ನಿಮಗೆ 18 ದಾಟಿ ಆಯಿತು. ಮೈಸೂರಿನಲ್ಲಿ ಸ್ಟಾಂಪ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸಿದ ಅಫಿಡವಿಟ್ ಆಗಲಿ, ಅಪ್ಪ ಚಿಕ್ಕಪ್ಪನಿಗೆ ಕೊಟ್ಟ ಪವರ್ ಆಫ್ ಅಟಾರ್ನಿ ಆಗಲಿ ಕೋರ್ಟಿನ ಆದೇಶ ಆಗುವುದಿಲ್ಲ.

18 ತುಂಬದ ಮಕ್ಕಳಿರುವ ಮನೆಯವರೂ ಇದನ್ನು ಓದುತ್ತಿರಬಹುದು, ಅವರಿಗೊಂದು ಮಾತು. 2019ರಲ್ಲಿ ಶಿಕಾಗೋ ಸುತ್ತಮುತ್ತ ಇಂಥದ್ದೇ ಒಂದು ಪ್ರಕರಣ ಸುದ್ದಿಯಾಯಿತು. ಅನುಕೂಲಸ್ಥ ಹೆತ್ತವರು ಹೈಸ್ಕೂಲಿನ ಕೊನೆಯಲ್ಲಿ ಮಕ್ಕಳ ಗಾರ್ಡಿಯನ್‌ಶಿಪ್ಪನ್ನು ನೆಂಟರಿಗೆ, ಗೆಳೆಯರಿಗೆ ಕೋರ್ಟಿನ ಮೂಲಕ ವರ್ಗಾಯಿಸಿ, ಬಡವರ ಹಣ ಪಡೆಯಲು ನೋಡಿದ್ದರು. ಅಂದಿನಿಂದ ಕಾಲೇಜುಗಳು ಇಂಥ ಆದೇಶ ಕಂಡರೆ ತಿರುಗಿಸಿ ಮುರುಗಿಸಿ ಪ್ರಶ್ನೆ ಕೇಳುತ್ತವೆ. ಫ್ಯಾಫ್ಸಾದಲ್ಲಿ ಬೇಕಂತಲೇ ಸುಳ್ಳು ಹೇಳಿದರೆ 20,000 ಡಾಲರ್‌ವರೆಗೆ ದಂಡ, ಜೈಲು, ಅಥವಾ ಎರಡೂ ಆಗಬಹುದು ಅಂತ ಅರ್ಜಿಯಲ್ಲೇ ಬರೆದಿದೆ. "ಸುಮ್ನೆ ಹಾಕು" ಅನ್ನುವ ಗೆಳತಿಗೆ ಆ ಸಾಲು ತೋರಿಸಿ.

ಮದುವೆಯ ದಾರಿಯನ್ನು ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮದುವೆಯಾದರೆ ಇಂಡಿಪೆಂಡೆಂಟ್ ಆಗುವುದು ನಿಜ. ಜೊತೆಗೆ ಗಂಡನ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ಗಂಡ ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ, ಆವತ್ತಿಗೆ ಗ್ರಾಂಟ್ ಕಥೆ ಮುಗಿಯಿತು.

ಅಪ್ಪ ವಿವರ ಕೊಡಲ್ಲ ಅನ್ನುತ್ತಿದ್ದಾರಲ್ಲ, ಅದೇ ಒಂದು ಕಾರಣ ಆಗುವುದಿಲ್ವಾ? ಆಗುವುದಿಲ್ಲ. ಅಮೆರಿಕದ ಶಿಕ್ಷಣ ಇಲಾಖೆ ನಾಲ್ಕು ಕಾರಣಗಳನ್ನು ಹೆಸರಿಸಿಯೇ ತಳ್ಳಿಹಾಕಿದೆ. ಹೆತ್ತವರು ಓದಿನ ಖರ್ಚು ಕೊಡಲ್ಲ ಅನ್ನುವುದು, ಫ್ಯಾಫ್ಸಾಗೆ ವಿವರ ಕೊಡಲ್ಲ ಅನ್ನುವುದು, ಟ್ಯಾಕ್ಸ್‌ನಲ್ಲಿ ಮಗುವನ್ನು ತೋರಿಸದೇ ಇರುವುದು, ವಿದ್ಯಾರ್ಥಿ ಪೂರ್ತಿ ತನ್ನ ದುಡಿಮೆಯಲ್ಲೇ ಬದುಕುತ್ತಿರುವುದು. ಇವು ಒಂದೊಂದಾಗಿಯೂ ಸಾಲದು, ನಾಲ್ಕೂ ಒಟ್ಟಿಗೆ ಸೇರಿದರೂ ಸಾಲದು. ನಿಮ್ಮ ಪತ್ರದಲ್ಲಿ ಇರುವುದು ಇವೇ.

ಇವನ್ನು ಮೀರಿದ ಪರಿಸ್ಥಿತಿಗೆ ಬೇರೆ ದಾರಿ ಇದೆ. ನಿಮಗೆ ಅದು ಬೇಡ, ಆದರೂ ಸ್ವಲ್ಪ ನಿಂತು ಹೇಳುತ್ತೇನೆ. ಇದರ ಅಗತ್ಯ ಇರುವ ನಮ್ಮ ಮಕ್ಕಳು ಕೇಳುವುದಕ್ಕೇ ಹಿಂಜರಿಯುತ್ತಾರೆ.

ಹೆತ್ತವರು ಮಗುವನ್ನು ಕೈಬಿಟ್ಟಿದ್ದರೆ, ಸಂಬಂಧ ಪೂರ್ತಿ ಕಡಿದುಹೋಗಿದ್ದರೆ, ಮನೆಯಲ್ಲಿ ಹಿಂಸೆ ಇದ್ದರೆ, ಅಪ್ಪ ಅಮ್ಮ ಅಥವಾ ವಿದ್ಯಾರ್ಥಿಯೇ ಜೈಲಿನಲ್ಲಿದ್ದರೆ, ಮಾನವ ಸಾಗಣೆಗೆ ಸಿಕ್ಕಿದ್ದರೆ, ನಿರಾಶ್ರಿತರಾಗಿ ಬಂದಿದ್ದರೆ, ಕಾಲೇಜಿನ ಫೈನಾನ್ಶಿಯಲ್ ಏಯ್ಡ್ ಆಫೀಸು ತನ್ನ ವಿವೇಚನೆಯ ಮೇಲೆ ಆ ವಿದ್ಯಾರ್ಥಿಯನ್ನು ಇಂಡಿಪೆಂಡೆಂಟ್ ಮಾಡಬಹುದು. ಡಿಪೆಂಡೆನ್ಸಿ ಓವರ್‌ರೈಡ್ ಅಂತ ಹೇಳುತ್ತಾರೆ. ಹುಡುಗಿ ಬೇರೆ ಜಾತಿಯವನನ್ನು ಇಷ್ಟಪಟ್ಟಳು ಅಂತ ಮನೆಯಿಂದ ಹೊರಗೆ ಹಾಕಿದ್ದು, ಮಗ ತಾನು ಗೇ ಅಂದ ದಿನದಿಂದ ಫೋನ್ ಎತ್ತದೇ ಇರುವುದು, ಬಲವಂತದ ಮದುವೆಗೆ ಒಪ್ಪದೆ ಓಡಿ ಬಂದದ್ದು, ಎಲ್ಲವನ್ನೂ ಅಲ್ಲಿ ಹೇಳಬಹುದು. ಮನೆಯ ಮಾತು ಹೊರಗೆ ಯಾಕೆ ಅಂತ ನಮ್ಮವರು ನುಂಗಿಕೊಂಡು, ಎರಡು ಕೆಲಸ ಮಾಡಿ, ಕೊನೆಗೆ ಓದೇ ಬಿಡುತ್ತಾರೆ. ಆಫೀಸಿನವರಿಗೆ ಈ ಕಥೆಗಳು ಹೊಸದಲ್ಲ. ಅವರು ಹೆತ್ತವರ ಮೇಲೆ ತೀರ್ಪು ಕೊಡಲು ಕೂತಿಲ್ಲ, ಫೈಲಿನಲ್ಲಿ ಇಡಲು ಅವರಿಗೊಂದು ಆಧಾರ ಬೇಕು ಅಷ್ಟೇ.

ಆಧಾರ ಅಂದರೆ ಕೋರ್ಟಿನ ಕಾಗದವೇ ಆಗಬೇಕಿಲ್ಲ. ವಿದ್ಯಾರ್ಥಿಯ ಜೊತೆ ಮಾತಾಡಿ ಬರೆದುಕೊಂಡ ಸಂದರ್ಶನವೂ ಆಧಾರವೇ. ವಕೀಲರ ಪತ್ರ, ಮಕ್ಕಳ ರಕ್ಷಣಾ ಇಲಾಖೆಯ ಅಥವಾ ಹಿಂಸೆಗೊಳಗಾದವರಿಗೆ ನೆರವು ಕೊಡುವ ಸಂಸ್ಥೆಯ ಪತ್ರ, ಬೇರೆ ಮನೆಯಲ್ಲಿದ್ದೇನೆ ಅಂತ ತೋರಿಸುವ ಕರೆಂಟ್ ಬಿಲ್ಲು, ಇನ್ಶೂರೆನ್ಸ್ ಕಾಗದ ಎಲ್ಲವೂ ನಡೆಯುತ್ತದೆ. ನಡೆದದ್ದನ್ನು ಕಂಡ ಟೀಚರ್, ದೇವಸ್ಥಾನದ ಹಿರಿಯರು, ಪಕ್ಕದ ಮನೆಯ ಆಂಟಿ ಬರೆದುಕೊಟ್ಟದ್ದನ್ನೂ ಕೊಟ್ಟು ನೋಡಬೇಕು. ಬರೆಯುವವರಿಗೆ ಒಂದು ಸಲಹೆ: "ಒಳ್ಳೆಯ ಹುಡುಗಿ, ಬುದ್ಧಿವಂತೆ" ಅಂತ ಹೊಗಳುವುದರಿಂದ ಉಪಯೋಗ ಇಲ್ಲ. ಯಾವಾಗ ಮನೆ ಬಿಟ್ಟಳು, ಆಮೇಲೆ ಹೆತ್ತವರ ಜೊತೆ ಮಾತು ಇದೆಯಾ, ಯಾರ ಮನೆಯಲ್ಲಿದ್ದಾಳೆ, ನಿಮಗೆ ಹೇಗೆ ಗೊತ್ತು, ಇಷ್ಟನ್ನು ತಾರೀಖಿನ ಸಮೇತ ಬರೆಯಿರಿ.

ಫ್ಯಾಫ್ಸಾದಲ್ಲೇ ಇದಕ್ಕೆ ಒಂದು ಪ್ರಶ್ನೆ ಇದೆ. ಹೌದು ಅಂದರೆ ಹೆತ್ತವರ ಭಾಗ ಇಲ್ಲದೆಯೇ ಅರ್ಜಿ ಮುಂದೆ ಹೋಗುತ್ತದೆ, ತಾತ್ಕಾಲಿಕವಾಗಿ ಇಂಡಿಪೆಂಡೆಂಟ್ ಅಂತ ತೋರಿಸುತ್ತದೆ. ಕೊನೆಯ ತೀರ್ಮಾನ ಕಾಲೇಜಿನದು. ವಿದ್ಯಾರ್ಥಿ ಸೇರಿದ 60 ದಿನದೊಳಗೆ ಅವರು ಹೇಳಬೇಕು. ಒಮ್ಮೆ ಒಪ್ಪಿದರೆ, ಪರಿಸ್ಥಿತಿ ಬದಲಾಗದ ತನಕ ಅದೇ ಕಾಲೇಜಿನಲ್ಲಿ ಮುಂದಿನ ವರ್ಷಗಳಿಗೂ ನಡೆಯುತ್ತದೆ. ಕಾಲೇಜು ಬದಲಿಸಿದರೆ ಹೊಸಬರು ಮತ್ತೆ ಕೇಳಬಹುದು, ಹಳೆಯ ಫೈಲಿನ ನಕಲು ಜೋಪಾನ ಮಾಡಿಕೊಳ್ಳಿ.

ಇರಲು ಜಾಗ ಇಲ್ಲದವರ ದಾರಿ ಬೇರೆ. ಚಿಕ್ಕಪ್ಪನ ಮನೆಯಿಂದ ನಾಳೆ ಹೊರಗೆ ಬೀಳಬೇಕಾಗಿ, ಗೆಳತಿಯರ ಸೋಫಾ ಮೇಲೆ ದಿನಕ್ಕೊಂದು ಕಡೆ ಮಲಗುವ ಸ್ಥಿತಿ ಬಂದರೆ, ಆಗ ಪಟ್ಟಿಯಲ್ಲಿನ ಮನೆಯಿಲ್ಲದವರ ಪ್ರಶ್ನೆಗೆ ನಿಮ್ಮ ಉತ್ತರ ಬದಲಾಗಬಹುದು. ಬೀದಿಯಲ್ಲೇ ಮಲಗಿರಬೇಕು ಅಂತಿಲ್ಲ. ಅಂಥ ದಿನ ಬಂದರೆ ಏಯ್ಡ್ ಆಫೀಸಿಗೆ ನೇರ ಹೋಗಿ ಹೇಳಿ.

ಆದರೆ ಈಗ ನಿಮ್ಮಪ್ಪ ಫೋನ್ ಎತ್ತುತ್ತಾರೆ, ಮಾತಾಡುತ್ತಾರೆ, ಬರೀ ಹಟ ಮಾಡುತ್ತಿದ್ದಾರೆ. ಅಸಾಮಾನ್ಯ ಪರಿಸ್ಥಿತಿ ಅಂತ ಟಿಕ್ ಹಾಕಿದರೆ ತಿಂಗಳುಗಟ್ಟಲೆ ಕಾದು ಕೊನೆಗೆ ಇಲ್ಲ ಅನ್ನಿಸಿಕೊಳ್ಳುತ್ತೀರಿ.

ಇನ್ನು ಲೆಕ್ಕಕ್ಕೆ ಬರೋಣ. ನಾನು ಮೊದಲು ಹೇಳಿದ ಮಾತಿಗೆ ಆಧಾರ ಇಲ್ಲಿದೆ.

ಫೆಡರಲ್, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ನೆರವಿನಲ್ಲಿ ತಿರುಗಿಸಿ ಕೊಡಬೇಕಿಲ್ಲದ ದೊಡ್ಡ ಹಣ ಪೆಲ್ ಗ್ರಾಂಟ್. ಪೂರ್ತಿ ಸಿಕ್ಕರೆ ವರ್ಷಕ್ಕೆ 7,395 ಡಾಲರ್. ಡಿಪೆಂಡೆಂಟ್ ವಿದ್ಯಾರ್ಥಿಗೆ ಇದು ಸಿಗಬೇಕಾದರೆ, ಗಂಡ ಹೆಂಡತಿ ಇಬ್ಬರೂ ಇರುವ ಮನೆಯಲ್ಲಿ ಹೆತ್ತವರ ಆದಾಯ ಅಮೆರಿಕದ ಬಡತನ ರೇಖೆಯ 175 ಶೇಕಡಾ ಒಳಗಿರಬೇಕು. 2026-27ರ ಅರ್ಜಿ 2024ರ ಆದಾಯವನ್ನು ನೋಡುತ್ತದೆ. ಆ ವರ್ಷ ನಾಲ್ಕು ಜನರ ಮನೆಗೆ ಆ ರೇಖೆ 31,200 ಡಾಲರ್, ಅದರ 175 ಶೇಕಡಾ ಅಂದರೆ 54,600. ಅಪ್ಪನ 14 ಲಕ್ಷ ರೂಪಾಯಿ ಡಾಲರಿಗೆ ಬದಲಿಸಿದರೆ 16,000ದ ಆಸುಪಾಸು. ಮೈಸೂರಿನಲ್ಲಿ ಅದು ಮಧ್ಯಮ ವರ್ಗದ ಸಂಬಳ. ಈ ಫಾರ್ಮ್ ಅದನ್ನು ಡಾಲರಿನಲ್ಲಿ ಮಾತ್ರ ನೋಡುತ್ತದೆ, ಅಲ್ಲಿ ಬದುಕಲು ಎಷ್ಟು ಬೇಕು ಅಂತ ಕೇಳುವುದಿಲ್ಲ.

ಇಂಡಿಪೆಂಡೆಂಟ್ ಆಗಿದ್ದರೆ ಏನಾಗುತ್ತಿತ್ತು? ನಿಮ್ಮ 12,000 ಡಾಲರ್ ದುಡಿಮೆಗೆ ಅದೇ ಪೆಲ್ ಗ್ರಾಂಟ್ ಸಿಗುತ್ತಿತ್ತು. ಒಂದು ಡಾಲರ್ ಕೂಡ ಜಾಸ್ತಿ ಇಲ್ಲ.

ವ್ಯತ್ಯಾಸ ಇರುವುದು ಸಾಲದಲ್ಲಿ. ಡಿಪೆಂಡೆಂಟ್ ಆದರೆ ಮೊದಲ ವರ್ಷ 5,500 ಡಾಲರ್‌ವರೆಗೆ ಫೆಡರಲ್ ಸಾಲ, ಎರಡನೇ ವರ್ಷ 6,500, ಆಮೇಲೆ 7,500. ಇಂಡಿಪೆಂಡೆಂಟ್ ಆದರೆ 9,500, 10,500, 12,500. ಇಲ್ಲೂ ನಿಮಗೊಂದು ಬಾಗಿಲು ಇದೆ, ಇದನ್ನು ಹೇಳುವವರು ಕಡಿಮೆ. ಸಾಮಾನ್ಯವಾಗಿ ಡಿಪೆಂಡೆಂಟ್ ಮಕ್ಕಳ ಹೆತ್ತವರು ಪೇರೆಂಟ್ ಪ್ಲಸ್ ಅನ್ನುವ ಸಾಲ ತೆಗೆದುಕೊಳ್ಳಬಹುದು. ಅಪ್ಪ ಅಮ್ಮ ಇಬ್ಬರೂ ಭಾರತದ ಪ್ರಜೆಗಳಾಗಿದ್ದು, ಗ್ರೀನ್ ಕಾರ್ಡ್ ಇಲ್ಲದಿದ್ದರೆ, ಅವರಿಗೆ ಆ ಸಾಲ ಸಿಗುವುದಿಲ್ಲ. ಆ ಕಾರಣವನ್ನು ದಾಖಲಿಸಿಕೊಂಡು, ನೀವು ಡಿಪೆಂಡೆಂಟ್ ಆಗಿದ್ದರೂ ಇಂಡಿಪೆಂಡೆಂಟ್ ಮಿತಿಯಷ್ಟು ಅನ್‌ಸಬ್ಸಿಡೈಸ್ಡ್ ಸಾಲ (ಹಣ ಬಂದ ದಿನದಿಂದಲೇ ಬಡ್ಡಿ ಬೀಳುವ ಸಾಲ) ಕೊಡಲು ಕಾಲೇಜಿಗೆ ಅವಕಾಶ ಇದೆ. ತಾನಾಗಿ ಆಗುವುದಿಲ್ಲ, ನೀವೇ ಕೇಳಬೇಕು. ಸಾಲ ಸಾಲವೇ, ಬೇಕಾದಷ್ಟೇ ತೆಗೆದುಕೊಳ್ಳಿ. ಆದರೆ ಇಂಡಿಪೆಂಡೆಂಟ್ ಆದರೆ ಮಾತ್ರ ಸಿಗುತ್ತದೆ ಅಂದುಕೊಂಡದ್ದು ಹೀಗೂ ಸಿಗಬಹುದು.

ಮುಂದಿನ ವರ್ಷ ನೀವು ಜಾಸ್ತಿ ದುಡಿದರೆ, ಇಂಡಿಪೆಂಡೆಂಟ್ ಆಗಿರುವುದು ನಷ್ಟವೂ ಆಗಬಹುದಿತ್ತು. ಮಕ್ಕಳಿಲ್ಲದ ಒಂಟಿ ವಿದ್ಯಾರ್ಥಿಯ ದುಡಿಮೆಯಲ್ಲಿ ಒಂದು ಮಿತಿ ದಾಟಿದ ಮೇಲಿನ ಹಣದ ಅರ್ಧವನ್ನು ಓದಿಗೆ ಕೊಡಬಲ್ಲೆ ಅಂತ ಸೂತ್ರ ಲೆಕ್ಕ ಹಾಕುತ್ತದೆ.

ಹಾಗಾದರೆ ಅಪ್ಪನಿಗೆ ಏನು ಹೇಳಬೇಕು? ನನ್ನ ಅನುಭವದಲ್ಲಿ ಹೆತ್ತವರು ಹಟ ಮಾಡುವುದರ ಹಿಂದೆ ಮೂರು ಭಯ ಇರುತ್ತದೆ. ಸಹಿ ಹಾಕಿದರೆ ಮಗಳ ಸಾಲಕ್ಕೆ ತಾನು ಜಾಮೀನು ಆಗುತ್ತೇನೆ ಅನ್ನುವುದು ಮೊದಲನೆಯದು. ಇಲ್ಲ, ಆಗುವುದಿಲ್ಲ. ಫ್ಯಾಫ್ಸಾದಲ್ಲಿ ಅವರು ಕೊಡುವುದು ಮಾಹಿತಿ ಮತ್ತು ಒಪ್ಪಿಗೆ. ನಿಮ್ಮ ಹೆಸರಿನ ಫೆಡರಲ್ ಸಾಲವನ್ನು ತೀರಿಸುವ ಹೊಣೆ ನಿಮ್ಮೊಬ್ಬರದು. ಎರಡನೆಯದು, ವಿವರ ಕೊಟ್ಟರೆ ಫೀಸು ಕಟ್ಟಲೇಬೇಕಾಗುತ್ತದೆ ಅನ್ನುವುದು. ಅದೂ ಇಲ್ಲ. ಸ್ಟೂಡೆಂಟ್ ಏಯ್ಡ್ ಇಂಡೆಕ್ಸ್ ಅಂತ ಒಂದು ಅಂಕಿ ಬರುತ್ತದೆ, ನೆರವು ಎಷ್ಟು ಅಂತ ಅಳೆಯಲು ಅದನ್ನು ಬಳಸುತ್ತಾರೆ, ಅದು ಬಿಲ್ಲಲ್ಲ. ಮೂರನೆಯದು ಆಸ್ತಿ.

ಆಸ್ತಿಯ ಬಗ್ಗೆ ಸ್ವಲ್ಪ ವಿವರ ಬೇಕು. ಅವರು ವಾಸವಿರುವ ಮನೆ ಲೆಕ್ಕಕ್ಕಿಲ್ಲ. ಬೇರೆ ಸೈಟು, ಬಾಡಿಗೆಗೆ ಕೊಟ್ಟ ಫ್ಲ್ಯಾಟು, ಎಫ್‌ಡಿ, ಶೇರು, ಮ್ಯೂಚುವಲ್ ಫಂಡ್ ಲೆಕ್ಕಕ್ಕೆ ಬರುತ್ತದೆ, ಅದು ಭಾರತದಲ್ಲಿದ್ದರೂ ಅಷ್ಟೇ. ಅಜ್ಜನ ಕಾಲದ ಪಾಲಾಗದ ಜಮೀನಿದ್ದರೆ ಅಪ್ಪನ ಪಾಲಿನ ಬೆಲೆ ಮಾತ್ರ, ದೊಡ್ಡಪ್ಪಂದಿರ ಪಾಲು ಬೇಡ. ಸೈಟಿನ ಮೇಲೆ ಸಾಲ ಇದ್ದರೆ ಕಳೆಯಬಹುದು. ಸೈಟು ಇದೆ ಅಂದ ತಕ್ಷಣ ನೆರವು ಹೋಗಿಬಿಡುತ್ತದೆ ಅಂತ ಹೆದರಬೇಡಿ. ಹೆತ್ತವರ ಆಸ್ತಿಯ ಬೆಲೆಯಲ್ಲಿ ಹೆಚ್ಚೆಂದರೆ 5.64 ಶೇಕಡಾ ಮಾತ್ರ ಆ ಅಂಕಿಗೆ ಸೇರುತ್ತದೆ, ಕಡಿಮೆ ಆದಾಯದವರಿಗೆ ಇನ್ನೂ ಕಡಿಮೆ. ಆದರೆ ಆಸ್ತಿ ತುಂಬ ದೊಡ್ಡದಾಗಿದ್ದರೆ ವಿಷಯ ಬೇರೆ. 2026-27ರಿಂದ ಒಂದು ಹೊಸ ನಿಯಮ ಬಂದಿದೆ: ಇಂಡೆಕ್ಸ್ ಪೆಲ್ ಗ್ರಾಂಟ್ ಮೊತ್ತದ ಎರಡರಷ್ಟು ಅಥವಾ ಅದಕ್ಕಿಂತ ಜಾಸ್ತಿ ಆದರೆ ಪೆಲ್ ಸಿಗುವುದಿಲ್ಲ. ಹಾಗಾಗಿ ಮೈಸೂರಿನಲ್ಲಿ ನಾಲ್ಕೈದು ಸೈಟು ಇಟ್ಟುಕೊಂಡವರು ಮೊದಲೇ ಅಂದಾಜು ಹಾಕಿ ನೋಡಬೇಕು. ಸ್ಟೂಡೆಂಟ್‌ಏಯ್ಡ್ ಡಾಟ್ ಗವ್ ವೆಬ್‌ಸೈಟಿನಲ್ಲಿ ಎಸ್ಟಿಮೇಟರ್ ಇದೆ. ಹೆಸರು, ಸಹಿ ಏನೂ ಇಲ್ಲದೆ ಅಂಕಿ ಹಾಕಿ ನೋಡಬಹುದು. ಅಪ್ಪನ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತು ಅದನ್ನೇ ಮೊದಲು ತೋರಿಸಿ. ಉತ್ತರ ಕಣ್ಣಿಗೆ ಕಂಡಾಗ ವಾದ ತಾನೇ ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ. ನಮ್ಮವರು ಪ್ರೀತಿಯಿಂದ ಮಾಡುವ ಒಂದು ಕೆಲಸ ಇಲ್ಲಿ ತಿರುಗಿ ಹೊಡೆಯುತ್ತದೆ: ವರ್ಷದ ಖರ್ಚಿಗೆ ಇರಲಿ ಅಂತ ದೊಡ್ಡ ಮೊತ್ತವನ್ನು ಒಂದೇ ಸಲ ಮಗಳ ಬ್ಯಾಂಕ್ ಖಾತೆಗೆ ಹಾಕುವುದು. ವಿದ್ಯಾರ್ಥಿಯ ಹೆಸರಿನ ಹಣದಲ್ಲಿ 20 ಶೇಕಡಾ ಲೆಕ್ಕಕ್ಕೆ ಹೋಗುತ್ತದೆ. ಅರ್ಜಿ ಹಾಕುವ ದಿನ ಎಷ್ಟಿದೆ ಅನ್ನುವುದೇ ಉತ್ತರ. ಆ ಹಣ ಅಪ್ಪನ ಖಾತೆಯಲ್ಲೇ ಇರಲಿ.

ಅಪ್ಪ ಒಪ್ಪಿದ ಮೇಲೆ ತುಂಬುವ ಕೆಲಸ. ಅಪ್ಪ ಅಮ್ಮ ಇಬ್ಬರಿಗೂ ಸ್ಟೂಡೆಂಟ್‌ಏಯ್ಡ್ ಡಾಟ್ ಗವ್‌ನಲ್ಲಿ ಬೇರೆ ಬೇರೆ ಖಾತೆ ಬೇಕು. ಅಮೆರಿಕದಲ್ಲಿ ಜಂಟಿಯಾಗಿ ಟ್ಯಾಕ್ಸ್ ಫೈಲ್ ಮಾಡಿದ ದಂಪತಿಯಾದರೆ ಒಬ್ಬರು ಸಾಕು, ನಿಮ್ಮ ಮನೆಯಲ್ಲಿ ಹಾಗಿಲ್ಲ. ಅಮ್ಮನಿಗೆ ಆದಾಯ ಇಲ್ಲದಿದ್ದರೂ ಅವರ ಒಪ್ಪಿಗೆ ಬೇಕೇ ಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರೂ ಖಾತೆ ತೆರೆಯಬಹುದು. ಆದರೆ ನಿಮ್ಮಪ್ಪ ಇಲ್ಲಿ ಎಚ್-1ಬಿಯಲ್ಲಿ ದುಡಿದವರು, ಅವರಿಗೆ ಆ ನಂಬರ್ ಖಂಡಿತ ಇತ್ತು. ಅದು ಹಳೆಯದಾದರೂ ರದ್ದಾಗುವುದಿಲ್ಲ. ನನಗೆ ನಂಬರ್ ಇಲ್ಲ ಅಂತ ಹಾಕಿದರೆ ಆಮೇಲೆ ಗೊಂದಲ ಆಗುತ್ತದೆ. ಕಂಪನಿ ಕೊಟ್ಟ ಹಳೆಯ ಡಬ್ಲ್ಯೂ-2 (ವರ್ಷದ ಸಂಬಳ, ಟ್ಯಾಕ್ಸ್ ತೋರಿಸುವ) ಕಾಗದ ಯಾವುದಾದರೂ ಟ್ರಂಕಿನಲ್ಲಿ ಸಿಗುತ್ತದಾ ಅಂತ ಹುಡುಕಲು ಹೇಳಿ. ಅಮ್ಮ ಎಚ್-4ರಲ್ಲಿ (ಎಚ್-1ಬಿಯವರ ಮನೆಯವರ ವೀಸಾ) ಇದ್ದು ಕೆಲಸ ಮಾಡಿಲ್ಲದಿದ್ದರೆ ಅವರಿಗೆ ಇಲ್ಲದಿರಬಹುದು, ಅದು ಪರವಾಗಿಲ್ಲ.

ಹೆಸರು, ಹುಟ್ಟಿದ ತಾರೀಖು ಎಲ್ಲ ಕಡೆ ಅಕ್ಷರ ಬಿಡದೆ ಒಂದೇ ರೀತಿ ಇರಲಿ. ನಮ್ಮ ಹೆಸರಿನ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಅಪ್ಪನ ಹೆಸರು, ಊರಿನ ಹೆಸರು, ಇವೆಲ್ಲ ಇಲ್ಲಿ ತೊಂದರೆ ಕೊಡುತ್ತವೆ. ಭಾರತದ ಆದಾಯ ಐಆರ್‌ಎಸ್‌ನಿಂದ ತಾನಾಗಿ ಬರುವುದಿಲ್ಲ, ಕೈಯಾರೆ ತುಂಬಬೇಕು. ವಿದೇಶದಲ್ಲಿ ಟ್ಯಾಕ್ಸ್ ಫೈಲ್ ಮಾಡಿದ್ದೇನೆ ಅನ್ನುವ ಉತ್ತರ ಆರಿಸಿ, ಅರ್ಜಿ ತುಂಬುವ ದಿನದ ವಿನಿಮಯ ದರದಲ್ಲಿ ಡಾಲರಿಗೆ ಬದಲಿಸಿ ಹಾಕಿ. ಭಾರತದ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಯಾವ ವರ್ಷದ ರಿಟರ್ನ್ ಬೇಕು ಅಂತ ಏಯ್ಡ್ ಆಫೀಸಿಗೆ ಮೊದಲೇ ಈಮೇಲ್ ಹಾಕಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಆಮೇಲೆ ಪರಿಶೀಲನೆಗೆ ಕೇಳಿದರೆ ಫಾರ್ಮ್ 16 ಮತ್ತು ಐಟಿ ರಿಟರ್ನ್ ಕೊಡಬಹುದು, ಎರಡೂ ಇಂಗ್ಲಿಷಿನಲ್ಲೇ ಇರುವುದರಿಂದ ಅನುವಾದದ ಖರ್ಚು ಇಲ್ಲ.

ಎಷ್ಟು ಹೇಳಿದರೂ ಅಪ್ಪ ಒಪ್ಪದಿದ್ದರೆ? ಕೊನೆಯ ದಾರಿ ಒಂದಿದೆ. ಹೆತ್ತವರು ವಿವರ ಕೊಡುತ್ತಿಲ್ಲ, ಅನ್‌ಸಬ್ಸಿಡೈಸ್ಡ್ ಸಾಲ ಮಾತ್ರ ಸಾಕು ಅಂತ ಫ್ಯಾಫ್ಸಾದಲ್ಲೇ ಹೇಳಬಹುದು. ಖರ್ಚಿಗೂ ಕೊಡುತ್ತಿಲ್ಲ, ವಿವರವೂ ಕೊಡುವುದಿಲ್ಲ ಅಂತ ಹೆತ್ತವರಿಂದ ಅಥವಾ ವಿಷಯ ತಿಳಿದವರಿಂದ ಬರೆಸಿ ಕಾಲೇಜಿಗೆ ಕೊಡಬೇಕಾಗುತ್ತದೆ. ಆಗ ಮೊದಲ ವರ್ಷ 5,500 ಡಾಲರ್ ಸಾಲ, ಹಣ ಬಂದ ದಿನದಿಂದಲೇ ಬಡ್ಡಿ. ಪೆಲ್ ಇಲ್ಲ, ಕ್ಯಾಂಪಸ್ಸಿನ ವರ್ಕ್-ಸ್ಟಡಿ ಕೆಲಸ ಇಲ್ಲ. ಅಪ್ಪನ ಹಟಕ್ಕೆ ವರ್ಷಕ್ಕೆ 7,395 ಡಾಲರ್ ಬೆಲೆ. ರೂಪಾಯಿಯಲ್ಲಿ ಲೆಕ್ಕ ಹಾಕಿ ಹೇಳಿ, ಅವರ ಆರು ತಿಂಗಳ ಸಂಬಳಕ್ಕೆ ಹತ್ತಿರ ಬರುತ್ತದೆ.

ಇದೇ ಪ್ರಶ್ನೆಯನ್ನು ಎಚ್-4 ಮತ್ತು ಎಫ್-1 (ವಿದ್ಯಾರ್ಥಿ) ವೀಸಾದಲ್ಲಿರುವ ಮಕ್ಕಳೂ ಕೇಳುತ್ತಾರೆ. ನಿಮಗೆ ಫೆಡರಲ್ ನೆರವೇ ಇಲ್ಲ, ಹಾಗಾಗಿ ಇಂಡಿಪೆಂಡೆಂಟ್ ಆದರೂ ಆಗದಿದ್ದರೂ ಒಂದೇ. ಕಾಲೇಜಿನ ಸ್ವಂತ ಸ್ಕಾಲರ್‌ಶಿಪ್ ನೋಡಿ. ಪ್ರಜೆಗಳಾದ ಮಕ್ಕಳಿಗೆ ಹೆತ್ತವರ ವೀಸಾ ಯಾವುದಾದರೂ ಅಡ್ಡಿ ಇಲ್ಲ.

ಖಾಸಗಿ ಕಾಲೇಜುಗಳಿಗೆ ಹಾಕುತ್ತಿದ್ದರೆ ಇನ್ನೊಂದು ವಿಷಯ. ಕೆಲವು ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಬೇರೆ ಅರ್ಜಿ ಕೇಳುತ್ತವೆ. ತಮ್ಮ ಸ್ವಂತ ಹಣ ಕೊಡುವುದಕ್ಕೆ ಅವರದೇ ನಿಯಮ. ಫ್ಯಾಫ್ಸಾದಲ್ಲಿ ಇಂಡಿಪೆಂಡೆಂಟ್ ಆದವರಿಗೂ ಹೆತ್ತವರ ವಿವರ ಕೇಳುವುದುಂಟು. ಮೆಡಿಕಲ್ ಓದುವವರಿಗೆ ಮೂವತ್ತು ವರ್ಷ ಆಗಿದ್ದರೂ ಅಪ್ಪನ ಸಂಬಳ ಕೇಳುವ ಕಾಲೇಜುಗಳಿವೆ.

ಕೊನೆಯದಾಗಿ, ನೀವು ಕೇಳದ ಆದರೆ ಇದಕ್ಕಿಂತ ಜಾಸ್ತಿ ಹಣದ ಪ್ರಶ್ನೆ. ಸರ್ಕಾರಿ ಕಾಲೇಜುಗಳಲ್ಲಿ ರಾಜ್ಯದವರಿಗೆ ಒಂದು ಫೀಸು, ಹೊರಗಿನವರಿಗೆ ಬೇರೆ ಫೀಸು, ವ್ಯತ್ಯಾಸ ವರ್ಷಕ್ಕೆ ಸಾವಿರಗಟ್ಟಲೆ ಡಾಲರ್. ಡಿಪೆಂಡೆಂಟ್ ವಿದ್ಯಾರ್ಥಿಯ ಊರು ಹೆತ್ತವರ ಊರೇ ಅಂತ ಹೆಚ್ಚಿನ ರಾಜ್ಯಗಳು ಹಿಡಿಯುತ್ತವೆ. ನಿಮ್ಮ ಹೆತ್ತವರು ಮೈಸೂರಿನಲ್ಲಿರುವುದರಿಂದ, ಎರಡು ವರ್ಷ ಎಡಿಸನ್‌ನಲ್ಲಿದ್ದರೂ ಹೊರಗಿನವರ ಫೀಸು ಹಾಕುವ ಅಪಾಯ ಇದೆ. ಇದನ್ನು ತೀರ್ಮಾನಿಸುವುದು ಏಯ್ಡ್ ಆಫೀಸಲ್ಲ, ಹೆಚ್ಚಿನ ಕಡೆ ರಿಜಿಸ್ಟ್ರಾರ್ ಅಥವಾ ಅಡ್ಮಿಶನ್ ಆಫೀಸು, ಮತ್ತು ಅವರ ನಿಯಮ ಫ್ಯಾಫ್ಸಾದ್ದಲ್ಲ. ನೀವು ಸ್ವಂತ ದುಡಿಮೆಯಲ್ಲಿ ಬದುಕುತ್ತಿರುವುದು ಲೆಕ್ಕಕ್ಕೆ ಬರಬಹುದಾದ ಜಾಗ ಇದೇ. ನ್ಯೂಜೆರ್ಸಿಯ ಟ್ಯಾಕ್ಸ್ ರಿಟರ್ನ್, ಡ್ರೈವಿಂಗ್ ಲೈಸೆನ್ಸ್, ವೋಟರ್ ನೋಂದಣಿ, ಚಿಕ್ಕಪ್ಪನಿಗೆ ಕೊಟ್ಟ ಬಾಡಿಗೆಯ ಬ್ಯಾಂಕ್ ದಾಖಲೆ, ಸಂಬಳದ ಚೀಟಿ ಎಲ್ಲ ಒಂದು ಫೈಲಿನಲ್ಲಿ ಜೋಡಿಸಿ. ಬಾಡಿಗೆಯನ್ನು ಈವರೆಗೆ ಕೈಯಲ್ಲಿ ಕೊಡುತ್ತಿದ್ದರೆ, ಈ ತಿಂಗಳಿಂದ ಬ್ಯಾಂಕ್ ಮೂಲಕ ಕೊಡಿ. ರಾಜ್ಯದವಳು ಅಂತ ಒಪ್ಪಿಸುವ ರೆಸಿಡೆನ್ಸಿ ಅರ್ಜಿಗೆ ಕೊನೆಯ ದಿನ ಯಾವುದು ಅಂತ ಅಡ್ಮಿಶನ್ ಪತ್ರ ಬರುವ ಮೊದಲೇ ಕೇಳಿಕೊಳ್ಳಿ. ಸೆಮಿಸ್ಟರ್ ಶುರುವಾದ ಮೇಲೆ ಕೇಳಿದರೆ ಆ ಸೆಮಿಸ್ಟರಿನ ಫೀಸು ಸಾಮಾನ್ಯವಾಗಿ ಇಳಿಸುವುದಿಲ್ಲ.